ಇಳಿಜಾರಿನ ಅಂಗಳಕ್ಕೆ ಎಷ್ಟು ಮಣ್ಣು, ಎಷ್ಟು ಗೋಡೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಊರು. ಮನೆ ಮುಂದಿನ ಜಾಗ ರಸ್ತೆ ಕಡೆಗೆ ಇಳಿಜಾರಾಗಿದೆ. ಉದ್ದ 40 ಅಡಿ, ಅಗಲ 30 ಅಡಿ. ಹೂದೋಟ, ಸ್ವಲ್ಪ ಹುಲ್ಲುಹಾಸು, ನಡೆಯಲು ಜಲ್ಲಿ ದಾರಿ ಮಾಡುವ ಆಸೆ. ಮಣ್ಣು ತುಂಬಿಸಿ ಮಟ್ಟ ಮಾಡಿ ಅಂತ ಕೆಲವರು ಹೇಳುತ್ತಾರೆ. ಮೊದಲು ಏನೇನು ಲೆಕ್ಕ ಹಾಕಬೇಕು?

ಉತ್ತರ: ಗಿಡದ ಪಟ್ಟಿ ಆಮೇಲೆ, ಮೊದಲು ಮಳೆಯ ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಜಾಗ 1,200 ಚದರ ಅಡಿ, ಅಂದರೆ ಸುಮಾರು 111 ಚದರ ಮೀಟರ್. ನಿಮ್ಮ ಕಡೆ ಜುಲೈನಲ್ಲಿ ದಿನಕ್ಕೆ 100 ಮಿಲಿಮೀಟರ್ ಸುರಿಯುವುದು ಹೊಸದಲ್ಲ, ಅಲ್ವಾ? ಆ ಒಂದೇ ದಿನ ಅಂಗಳಕ್ಕೆ 11 ಸಾವಿರ ಲೀಟರ್ ಬೀಳುತ್ತದೆ. ಮಾಡಿನ ನೀರು ಬೇರೆ. ಅದಕ್ಕೆ ದಾರಿ ಬಿಡದೆ ಸುಮ್ನೆ ಮಣ್ಣು ತುಂಬಿದರೆ ಮೊದಲ ಮಳೆಗಾಲಕ್ಕೇ ಅದು ರಸ್ತೆ ಸೇರುತ್ತದೆ.

ಇಳಿಜಾರು ಅಳೆಯಲು ಗಾರೆಯವರ ಲೆವೆಲ್ ಪೈಪ್ ಸಾಕು. ನೀರು ತುಂಬಿ ಒಂದು ತುದಿಯನ್ನು ಮನೆ ಹತ್ತಿರ, ಇನ್ನೊಂದನ್ನು ರಸ್ತೆ ಹತ್ತಿರ ಎತ್ತಿ ಹಿಡಿಯಿರಿ. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ನೆಲಕ್ಕೆ ಅಳೆದು, ಒಂದರಿಂದ ಇನ್ನೊಂದನ್ನು ಕಳೆಯಿರಿ.

5 ಅಡಿ ಬಂತು ಎಂದುಕೊಳ್ಳೋಣ. ಪೂರ್ತಿ ಮಟ್ಟ ಮಾಡಲು 40 × 30 × 5ರ ಅರ್ಧ, ಅಂದರೆ 3,000 ಘನ ಅಡಿ ಮಣ್ಣು ಬೇಕು. 100 ಘನ ಅಡಿಗೆ ಒಂದು ಯೂನಿಟ್, ಅಂದರೆ ಅದು 30 ಯೂನಿಟ್! ಮೇಲೆ ರಸ್ತೆ ಬದಿಗೆ 5 ಅಡಿ ಎತ್ತರದ ತಡೆಗೋಡೆ. ಗೋಡೆ ಎರಡು ಪಟ್ಟು ಎತ್ತರವಾದರೆ ಮಣ್ಣು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. 2 ಅಡಿ ಗೋಡೆಗಿಂತ 5 ಅಡಿ ಗೋಡೆ ಆರು ಪಟ್ಟಿಗೂ ಜಾಸ್ತಿ ಬಲ ತಡೆಯಬೇಕು. ಮಳೆಯಲ್ಲಿ ಮಣ್ಣು ನೆನೆದಾಗ ಇನ್ನೂ ಜಾಸ್ತಿ. ಮಲೆನಾಡಲ್ಲಿ ಧರೆ ಕುಸಿಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಮೂರು ಹಂತ ಮಾಡಿ. ನೀರು ಹರಿಯಲು 40 ಅಡಿಗೆ ಒಂದು ಅಡಿಯಷ್ಟು ಇಳಿಜಾರು ಬಿಡಿ. ಉಳಿದ 4 ಅಡಿಯನ್ನು ತಲಾ 2 ಅಡಿಯ ಎರಡು ಗೋಡೆಗೆ ಹಂಚಿ. ಕೆಳಗಿನ ಹಂತದಲ್ಲಿ ಕಡಿದ ಮಣ್ಣು ಹೆಚ್ಚುಕಮ್ಮಿ ಮೇಲಿನ ಹಂತಕ್ಕೆ ಸರಿಹೋಗುತ್ತದೆ. ಹೊರಗಿನಿಂದ ಲೋಡ್ ತರಿಸುವ ಖರ್ಚೇ ಬಹುಪಾಲು ಉಳಿಯಿತು. ಮೇಲ್ಪದರದ ಕಪ್ಪು ಮಣ್ಣನ್ನು ಮಾತ್ರ ದಯವಿಟ್ಟು ಬೇರೆ ಗುಡ್ಡೆ ಹಾಕಿಸಿ, ಗಿಡ ಬದುಕುವುದು ಅದರಲ್ಲೇ. ಪ್ರತಿ ಹಂತದ ಕೊನೆಗೆ ಅಡ್ಡ ಬಸಿಗಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಸಿಮೆಂಟ್ ಹಾಕಿ ಕಟ್ಟುವ ಗೋಡೆಯಾದರೆ ಐದಾರು ಅಡಿಗೊಂದು ಬಸಿಯುವ ತೂತು ಬಿಡಿಸಿ.

ಗೋಡೆ ಮೂಲೆ ನೇರ ಬರಲು ದಾರ ಕಟ್ಟಿ ಒಂದು ಕಡೆ 6 ಅಡಿ, ಇನ್ನೊಂದು ಕಡೆ 8 ಅಡಿ ಗುರುತು ಹಾಕಿ. ಗುರುತುಗಳ ನಡುವೆ ಸರಿಯಾಗಿ 10 ಅಡಿ ಬಂದರೆ ಮೂಲೆ ಸರಿಯಿದೆ.

ಜಲ್ಲಿ ದಾರಿ 40 ಅಡಿ ಉದ್ದ, 3 ಅಡಿ ಅಗಲ, 2 ಇಂಚು ದಪ್ಪ ಇದ್ದರೆ 20 ಘನ ಅಡಿ ಸಾಕು. ಯೂನಿಟ್ಟಿನ ಐದನೇ ಒಂದು ಭಾಗ ಅಷ್ಟೇ, ಪೂರ್ತಿ ಲೋಡ್ ತರಿಸಬೇಡಿ.