ಎಪಾಕ್ಸಿ ಏಕೆ ಗಟ್ಟಿಯಾಗಲಿಲ್ಲ? ಮರದ ಪಟ್ಟಿಯ ಕೆನೂ ಕಟ್ಟುವವರಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ದೂರು: ಅಂಟು ಹಿಡಿಯಲಿಲ್ಲ. ಹೋದ ವರ್ಷವೂ ಇದೇ ದೂರು, ಅದರ ಹಿಂದಿನ ವರ್ಷವೂ ಇದೇ. ಆದ್ದರಿಂದ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡುತ್ತಿದ್ದೇನೆ. ಕೆನೂ ಎಂದರೆ ಹುಟ್ಟು ಹಾಕಿ ನಡೆಸುವ ಸಪೂರ ದೋಣಿ. ಎಪಾಕ್ಸಿ ಎಂದರೆ ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಅಂಟು. ಪಟ್ಟಿ ಸೀಳುವುದು, ಅಡಿಗೊಂದರಂತೆ ಅಚ್ಚು ನಿಲ್ಲಿಸುವುದು, ಹತ್ತರಿ ಹಿಡಿಯುವುದು ಇವನ್ನೆಲ್ಲ ನಿಮ್ಮೂರಿನ ಬಡಗಿಯ ಪಕ್ಕದಲ್ಲಿ ಎರಡು ದಿನ ಕುಳಿತು ಕಲಿಯಿರಿ.

ಪ್ರಶ್ನೆ: ಭದ್ರಾ ಹೊಳೆಯ ಸೆಳವಿನಲ್ಲಿ ನಡೆಸಲು ಹದಿನಾಲ್ಕು ಅಡಿಯ ಕೆನೂ ಕಟ್ಟುತ್ತಿದ್ದೇನೆ. ಕಾಲಂಗುಲ ದಪ್ಪದ ಗಂಧಗರಿಗೆ ಮರದ ಪಟ್ಟಿಗಳು. ಜುಲೈಯಲ್ಲಿ ಹೊರಮೈಗೆ ಗಾಜಿನ ಎಳೆಯಿಂದ ನೇಯ್ದ ಗ್ಲಾಸ್ ಬಟ್ಟೆ ಹೊದಿಸಿ ಎಪಾಕ್ಸಿ ಹಚ್ಚಿದೆ. ಥಂಡಿ ಇದ್ದುದರಿಂದ ಬೇಗ ಗಟ್ಟಿಯಾಗಲೆಂದು ಹಾರ್ಡನರ್ ತುಸು ಹೆಚ್ಚು ಹಾಕಿದ್ದೆ. ಹತ್ತು ದಿನವಾದರೂ ಕೆಲವೆಡೆ ಬೆರಳಿಗೆ ಅಂಟುತ್ತದೆ, ಉಳಿದೆಡೆ ಮೇಣದಂಥ ಜಿಡ್ಡು, ಅಲ್ಲಲ್ಲಿ ಬಿಳಿ ಮಚ್ಚೆ. ಮೇಲೆ ಇನ್ನೊಂದು ಕೋಟ್ ಹಚ್ಚಿದರೆ ಸರಿಹೋದೀತೇ? (ಮೂಡಿಗೆರೆ)

ಉತ್ತರ: ಸರಿಹೋಗುವುದಿಲ್ಲ. ದಯವಿಟ್ಟು ಹಚ್ಚಬೇಡಿ. ನಿಮ್ಮ ದೋಣಿಗೆ ಆಗಿರುವುದು ಒಂದು ತೊಂದರೆಯಲ್ಲ, ಮೂರು. ಒಂದೊಂದಕ್ಕೂ ಬೇರೆ ಬೇರೆ ಕಾರಣವಿದೆ.

ಬೆರಳಿಗೆ ಅಂಟುವ ಜಾಗಕ್ಕೆ ಕಾರಣ ನೀವು ಹೆಚ್ಚು ಹಾಕಿದ ಹಾರ್ಡನರ್. ಕಾರಿನ ಬಂಪರ್ ಸರಿಮಾಡುವವರು ಬಳಸುವ ಪಾಲಿಯೆಸ್ಟರ್ ರೆಸಿನ್‌ಗೆ ಹಾಕುವ ದ್ರವ ಗಟ್ಟಿಯಾಗುವ ಕ್ರಿಯೆಗೆ ಕೇವಲ ಕಿಡಿ ಹಚ್ಚುತ್ತದೆ. ಅಲ್ಲಿ ಕೆಲವು ಹನಿ ಹೆಚ್ಚಾದರೆ ಬೇಗ ಗಟ್ಟಿಯಾಗುತ್ತದೆ. ಅದನ್ನು ನೋಡಿದವರು ಎಪಾಕ್ಸಿಗೂ ಅದೇ ನಿಯಮ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಎಪಾಕ್ಸಿಯಲ್ಲಿ ಹಾರ್ಡನರ್ ಕೂಡ ಪಾಲುದಾರ. ರೆಸಿನ್‌ನ ಕಣದ ಪ್ರತಿ ಕೈಗೂ ಹಾರ್ಡನರ್‌ನ ಕಣದ ಒಂದು ಕೈ ಕೂಡಿದರೆ ಮಾತ್ರ ಗಟ್ಟಿಯಾಗುತ್ತದೆ. ಹೆಚ್ಚಾದದ್ದಕ್ಕೆ ಜೋಡಿ ಸಿಗದೆ ಅದು ಹಾಗೆಯೇ ಮೆತ್ತಗೆ ಉಳಿಯುತ್ತದೆ. ಹತ್ತು ದಿನವಲ್ಲ, ಹತ್ತು ವರ್ಷ ಕಾದರೂ ಅಷ್ಟೇ. ಡಬ್ಬಿಯ ಮೇಲಿನ ಅನುಪಾತ ತೂಕದ್ದೋ ಅಳತೆಯದ್ದೋ ಎಂಬುದನ್ನೂ ಓದಿಕೊಳ್ಳಿ. ರೆಸಿನ್‌ಗೂ ಹಾರ್ಡನರ್‌ಗೂ ಸಾಂದ್ರತೆ ಒಂದೇ ಅಲ್ಲದ್ದರಿಂದ ಆ ಎರಡು ಅನುಪಾತಗಳೂ ಒಂದೇ ಆಗಿರುವುದಿಲ್ಲ. ಗ್ರಾಂ ತೋರಿಸುವ ಸಣ್ಣ ತಕ್ಕಡಿಯಿಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು. ಥಂಡಿಗೆ ಮದ್ದು ಬೇಕಿದ್ದರೆ ಅದೇ ಕಂಪನಿಯ ವೇಗದ ಹಾರ್ಡನರ್ ತನ್ನಿ, ಬೆರೆಸುವ ಮುನ್ನ ಡಬ್ಬಿಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ.

ಮೇಣದಂಥ ಜಿಡ್ಡು ಮಲೆನಾಡಿನ ಮಳೆಗಾಲದ ಕೊಡುಗೆ. ಹಾರ್ಡನರ್‌ನಲ್ಲಿರುವ ಅಮೀನ್ ಎಂಬ ಅಂಶ ಗಾಳಿಯ ತೇವದೊಂದಿಗೂ ಇಂಗಾಲದ ಡೈಆಕ್ಸೈಡ್‌ನೊಂದಿಗೂ ಸೇರಿ ಮೇಲ್ಮೈಗೆ ಬಂದು ಕೂರುತ್ತದೆ. ಅದು ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಮೊದಲು ಬರಿಯ ನೀರು ಮತ್ತು ಪಾತ್ರೆ ಉಜ್ಜುವ ನಾರಿನಿಂದ ತಿಕ್ಕಿ ತೊಳೆಯಬೇಕು, ಒರೆಸಿ ಒಣಗಿಸಬೇಕು, ಆಮೇಲೆ ಸ್ಯಾಂಡ್‌ಪೇಪರ್ ಹಿಡಿಯಬೇಕು. ಎಲ್ಲರೂ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೊದಲೇ ಉಜ್ಜಿದರೆ ಆ ಮೇಣವನ್ನು ಗೀರುಗಳ ಒಳಗೆ ತುಂಬಿದಂತೆಯೇ, ಮುಂದಿನ ಕೋಟ್ ಅದರ ಮೇಲೆ ನಿಲ್ಲುವುದಿಲ್ಲ. ಇನ್ನೊಂದು ಮಾತು. ಕೊಟ್ಟಿಗೆ ಬೆಚ್ಚಗಿರಲೆಂದು ಕೆಂಡದ ಅಗ್ಗಿಷ್ಟಿಕೆಯನ್ನೋ ಸೀಮೆಎಣ್ಣೆ ಒಲೆಯನ್ನೋ ಒಳಗಿಟ್ಟು ಬಾಗಿಲು ಹಾಕುವವರಿದ್ದಾರೆ. ಆ ಉರಿಯಿಂದ ಹೊಮ್ಮುವುದು ಇಂಗಾಲದ ಡೈಆಕ್ಸೈಡ್, ಜೊತೆಗೆ ನೀರಾವಿ. ಜಿಡ್ಡು ಇಮ್ಮಡಿಯಾಗುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ಕುಡಿದು ಜನ ಸತ್ತಿದ್ದಾರೆ ಎಂಬುದನ್ನಂತೂ ಮರೆಯಲೇಬೇಡಿ.

ಬಿಳಿ ಮಚ್ಚೆಯೇ ನನ್ನನ್ನು ಹೆಚ್ಚು ಹೆದರಿಸುವುದು. ರೆಸಿನ್ ಸರಿಯಾಗಿ ಹೀರಿದ ಗ್ಲಾಸ್ ಬಟ್ಟೆ ಗಾಜಿನಂತೆ ಪಾರದರ್ಶಕವಾಗಿ ಕಣ್ಣಿಗೇ ಕಾಣದಂತಾಗಬೇಕು. ಬಿಳುಪಾಗಿದ್ದರೆ ಅಲ್ಲಿ ರೆಸಿನ್ ಸಾಲದೆ ಹೋಗಿದೆ, ಇಲ್ಲವೇ ಒಳಗಿನ ಮರ ಹಸಿಯಾಗಿತ್ತು. ನಿಮ್ಮ ಊರು, ಜುಲೈ ತಿಂಗಳು ಎರಡನ್ನೂ ನೋಡಿದರೆ ಎರಡನೆಯದೇ ಇರಬೇಕು. ಪಟ್ಟಿಯ ತೇವ ನೂರಕ್ಕೆ 12ಕ್ಕಿಂತ ಕಡಿಮೆ ಇರಬೇಕು. ಬೇಸಿಗೆಯಲ್ಲಿ ಒಣಗಿಸಿಟ್ಟ ಮರವೂ ಮಳೆಗಾಲದ ಗಾಳಿಯಿಂದ ತೇವವನ್ನು ಮರಳಿ ಹೀರುತ್ತದೆ. ತೋಟದಲ್ಲಿ ಕಾಫಿ ಬೀಜ ಅಳೆಯುವ ಮೀಟರ್‌ನಲ್ಲಿ ಪಟ್ಟಿಯನ್ನು ಅಳೆದೆವು ಎಂದು ಇಬ್ಬರು ಬರೆದಿದ್ದಾರೆ. ಅದನ್ನು ಬೀಜಕ್ಕೆಂದು ಹೊಂದಿಸಿರುತ್ತಾರೆ, ಮರಕ್ಕೆ ಅದು ಹೇಳುವ ಅಂಕಿ ಸುಳ್ಳು. ಮರದ ಮೀಟರ್ ಇಲ್ಲದಿದ್ದರೆ ಒಂದು ತುಂಡನ್ನು ತೂಗಿ, ಒವನ್‌ನಲ್ಲಿ ನೂರು ಡಿಗ್ರಿಗೆ ತುಸು ಮೇಲೆ ಇಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿ. ಕಳೆದುಹೋದ ತೂಕವನ್ನು ಒಣತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವ ಸಿಗುತ್ತದೆ. ಪಟ್ಟಿಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಡಿ. ಹೊಗೆಯ ಮಸಿ ಮತ್ತು ಜಿಡ್ಡು ಹತ್ತಿದ ಮರಕ್ಕೆ ಎಪಾಕ್ಸಿ ಕಚ್ಚುವುದಿಲ್ಲ.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಈ ದೋಣಿಯಲ್ಲಿ ಮರವೊಂದೇ ಭಾರ ಹೊರುವುದಿಲ್ಲ. ಕಾಲಂಗುಲದ ಪಟ್ಟಿ ನಡುವೆ ಇದೆ, ಒಳಗೂ ಹೊರಗೂ ಗ್ಲಾಸ್‌ನ ತೊಗಲು. ಹೊರಗಿನಿಂದ ಬಂಡೆ ಬಡಿದಾಗ ಒಳಗಿನ ತೊಗಲು ಹಿಗ್ಗುತ್ತದೆ, ಹರಿಯುವುದೂ ಅಲ್ಲಿಂದಲೇ. ಒಳಮೈ ಹೇಗಿದ್ದರೂ ನಡೆಯುತ್ತದೆ ಎಂದು ತೆಳುವಾಗಿ ಬಳಿದು ಬಿಡುವವರ ದೋಣಿ ಮೊದಲ ಬಂಡೆಗೇ ಬಾಯಿ ಬಿಡುತ್ತದೆ. ಕೆರೆಯಲ್ಲಿ ತೇಲಿಸುವ ದೋಣಿಗೆ ಒಳಗೊಂದು, ಹೊರಗೊಂದು, ಚದರ ಮೀಟರಿಗೆ 200 ಗ್ರಾಂ ತೂಗುವ ಬಟ್ಟೆ ಸಾಕು. ಕಲ್ಲುಹೊಳೆಗೆ ತಳಭಾಗದಲ್ಲಿ ಎರಡು ಕಡೆಯೂ ಇನ್ನೊಂದು ಪದರ ಬೇಕೇ ಬೇಕು. ತೊಗಲು ಮರವನ್ನು ಕಚ್ಚಿರದಿದ್ದರೆ ಎಷ್ಟು ಪದರವಿದ್ದೂ ಪ್ರಯೋಜನವಿಲ್ಲ.

ಈಗ ನೀವು ಮಾಡಬೇಕಾದುದು ಇಷ್ಟು: ದೋಣಿಯನ್ನು ಹಾಗೆಯೇ ಮಳೆಗಾಲ ಕಳೆಯಲು ಬಿಡಿ. ಜನವರಿಯಲ್ಲಿ ಹೀಟ್ ಗನ್ ಹಿಡಿದು ಬಿಸಿ ಮಾಡಿದರೆ ಎಪಾಕ್ಸಿ ಮೆತ್ತಗಾಗುತ್ತದೆ. ಅಂಟುವ ಜಾಗದ ಬಟ್ಟೆಯನ್ನೂ ಬಿಳಿ ಮಚ್ಚೆಯ ಬಟ್ಟೆಯನ್ನೂ ಎಳೆದು ತೆಗೆಯಿರಿ, ಮರ ಕಾಣುವವರೆಗೆ ಹೆರೆಯಿರಿ. ಜಿಡ್ಡು ಮಾತ್ರ ಇರುವ ಕಡೆ ತೊಳೆದು ಉಜ್ಜಿದರೆ ಸಾಕು. ಹೊಸ ಬಟ್ಟೆಯನ್ನು, ಕಾಫಿ ಹೂವರಳಿಸುವ ಹೂಮಳೆ ಬೀಳುವ ಮೊದಲೇ ಹಾಕಿ ಮುಗಿಸಿ, ಅದೂ ಮಧ್ಯಾಹ್ನ ಇಳಿದ ಮೇಲೆ. ಬೆಳಿಗ್ಗೆ ಹಚ್ಚಿದರೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಯೇಳುತ್ತದೆ. ತಾಪ ಇಳಿಯುವ ಹೊತ್ತಿನಲ್ಲಿ ಮರವೇ ರೆಸಿನ್ ಅನ್ನು ಒಳಗೆ ಎಳೆದುಕೊಳ್ಳುತ್ತದೆ. ಕೈಗವಸು ಇಲ್ಲದೆ ಮುಟ್ಟಬೇಡಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರಿಗೆ ಎಪಾಕ್ಸಿ ಒಗ್ಗದೆ ಹೋಯಿತು. ಈಗ ಡಬ್ಬಿಯ ಮುಚ್ಚಳ ತೆರೆದರೂ ಅವರ ಕೈ ಮುಖ ಊದಿಕೊಳ್ಳುತ್ತದೆ. ಅಂಥ ಒಳ್ಳೆಯ ಕೆಲಸಗಾರ ಈ ಕಸುಬನ್ನೇ ಬಿಡಬೇಕಾಯಿತು.

ಪ್ರಶ್ನೆ: ಎಪಾಕ್ಸಿ ದುಬಾರಿ. ಪಾಲಿಯೆಸ್ಟರ್ ರೆಸಿನ್ ಆಗುವುದಿಲ್ಲವೇ? (ಸಕಲೇಶಪುರ)

ಉತ್ತರ: ಆಗುವುದಿಲ್ಲ. ಮರದಿಂದ ಹಾಳೆ ಹಾಳೆಯಾಗಿ ಏಳುತ್ತದೆ.

ಪ್ರಶ್ನೆ: ತೇಗದ ಪಟ್ಟಿ ಶ್ರೇಷ್ಠವಲ್ಲವೇ? (ಬೇಲೂರು)

ಉತ್ತರ: ಬಾಗಿಲಿಗೆ ಶ್ರೇಷ್ಠ. ಇಲ್ಲಿ ಭಾರ ಹೆಚ್ಚು, ಅದರ ಎಣ್ಣೆಯಂಶ ಅಂಟಿಗೆ ಅಡ್ಡಿ. ಗಂಧಗರಿಗೆ ಅಥವಾ ಗಂಟಿಲ್ಲದ ಹೆಬ್ಬೇವು ನೋಡಿ.

ಪ್ರಶ್ನೆ: ಗ್ಲಾಸ್ ಬಟ್ಟೆ ಬೇಡ, ಗೇರೆಣ್ಣೆ ಬಳಿದರೆ ನೂರು ವರ್ಷ ಬಾಳುತ್ತದೆ ಎಂದು ಒಬ್ಬರು ಎಣ್ಣೆ ಮಾರುತ್ತಿದ್ದಾರೆ. ನಿಜವೇ? (ಹಾಸನ)

ಉತ್ತರ: ಕರಾವಳಿಯ ದಪ್ಪ ಹಲಗೆಯ ದೋಣಿಗಳಿಗೆ ಗೇರೆಣ್ಣೆ ಬಳಿಯುವ ರೂಢಿ ಹಳೆಯದು, ಅದರ ಬಗ್ಗೆ ನನಗೆ ಗೌರವವಿದೆ. ಕಾಲಂಗುಲದ ಪಟ್ಟಿಗೆ ಅದನ್ನು ಮಾರುವವರು ನಿಮಗೆ ಮೋಸ ಮಾಡುತ್ತಿದ್ದಾರೆ. ಎಣ್ಣೆ ನೀರನ್ನು ತಡೆದೀತು, ಬಂಡೆಯನ್ನು ತಡೆಯದು. ಒಮ್ಮೆ ಎಣ್ಣೆ ಕುಡಿದ ಮರಕ್ಕೆ ಮುಂದೆ ಎಪಾಕ್ಸಿಯೂ ಹಿಡಿಯುವುದಿಲ್ಲ.

ಪ್ರಶ್ನೆ: ವಾರ್ನಿಶ್ ಬೇಕೇ? (ಕೊಪ್ಪ)

ಉತ್ತರ: ಬೇಕು, ಬಿಸಿಲು ತಡೆಯುವಂಥದ್ದೇ ಬೇಕು. ಎಪಾಕ್ಸಿಗೆ ಬಿಸಿಲು ಆಗದು.

ಪ್ರಶ್ನೆ: ನನ್ನ ಕೆನೂ ಸಿದ್ಧವಾಗಿದೆ. ಜುಲೈಯಲ್ಲಿ ಬಾಳೆಹೊನ್ನೂರಿನ ಬಳಿ ಭದ್ರೆಯಲ್ಲಿ ಇಳಿಸಬಹುದೇ? ಈಜು ಚೆನ್ನಾಗಿ ಬರುತ್ತದೆ. (ಚಿಕ್ಕಮಗಳೂರು)

ಉತ್ತರ: ಬೇಡ. ಅಲ್ಲಿ ತೆಪ್ಪಯಾನ ನಡೆಸುವವರು ಗಾಳಿ ತುಂಬಿದ ರಬ್ಬರ್ ತೆಪ್ಪದಲ್ಲಿ, ಮಾರ್ಗದರ್ಶಕರೊಂದಿಗೆ ಇಳಿಯುತ್ತಾರೆ. ಬಂಡೆಗೆ ಬಡಿದರೆ ಅದು ಪುಟಿಯುತ್ತದೆ, ನಿಮ್ಮದು ಸೀಳುತ್ತದೆ. ತುಂಬಿದ ಹೊಳೆ ದಡದ ಬಿದಿರುಮೆಳೆಗಳ ನಡುವೆ ನುಗ್ಗುತ್ತದೆ. ನೀರು ಅದರೊಳಗೆ ಹಾದುಹೋಗುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಅಲ್ಲಿ ಈಜು ನೆರವಿಗೆ ಬಾರದು. ನೀರು ತುಂಬಿದ ಕೆನೂ ನೂರಾರು ಕಿಲೋ ತೂಗುತ್ತದೆ, ಸೆಳವಿನ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಬಂಡೆಗೆ ಅಡ್ಡಲಾಗಿ ಸುತ್ತಿಕೊಂಡ ಒಂದು ದೋಣಿಯನ್ನು ಹಗ್ಗ ಕಟ್ಟಿ ಎಳೆದ ಆರು ಜನರಲ್ಲಿ ನಾನೂ ಒಬ್ಬ. ಅದು ಒಂದು ಅಂಗುಲವೂ ಕದಲಲಿಲ್ಲ. ಅದರಲ್ಲಿದ್ದ ಹುಡುಗ ಮೊದಲೇ ಹೊರಗೆ ಜಿಗಿದಿದ್ದರಿಂದ ಉಳಿದ.

ಮಳೆ ನಿಂತು, ನೀರು ಇಳಿದು ಬಂಡೆಗಳು ತಲೆ ತೋರಿಸಿದ ಮೇಲೆ, ನವೆಂಬರಿನಲ್ಲಿ ಹೋಗಿ. ದೋಣಿಯ ಮುಂದೆ ಹಿಂದೆ ಗಾಳಿಚೀಲ ಕಟ್ಟಿ, ಲೈಫ್ ಜಾಕೆಟ್ ಮತ್ತು ಹೆಲ್ಮೆಟ್ ತೊಡಿ. ಇನ್ನೊಂದು ದೋಣಿಯಲ್ಲಿ ಇಬ್ಬರು ಜೊತೆಗಿರಲಿ. ಇಳಿಯುವ ಮೊದಲು ದಡದ ಮೇಲೆ ಆ ಹಾದಿಯುದ್ದಕ್ಕೂ ನಡೆದು ನೋಡಿ. ನಡೆದು ನೋಡಲಾಗದ ಜಾಗದಲ್ಲಿ ದೋಣಿಯನ್ನು ಹೊತ್ತುಕೊಂಡು ದಾಟಿ.