ಹಪ್ಪಳದ ಗುಮ್ಮಟ ಕಟ್ಟಬೇಡಿ, ನಾನು ಕಟ್ಟಿ ನೋಡಿದ್ದೇನೆ

ಕಾರ್ಡ್‌ಬೋರ್ಡ್, ಥರ್ಮಾಕೋಲ್ ಬಿಟ್ಟು ಬೇರೆ ಯಾವುದರಲ್ಲಾದರೂ ಒಂದು ಕಟ್ಟಡದ ಮಾಡೆಲ್ ಮಾಡಿ ಅಂತ ಸರ್ ಹೇಳಿದ್ದಾರೆ, ಏನು ಬಳಸಲಿ ಅಂತ ಕೇಳಿದ್ದೀರಿ. ಡಿಸೈನ್ ಓದುವಾಗ ನನಗೂ ಮೊದಲ ಸೆಮಿಸ್ಟರ್‌ನಲ್ಲೇ ಇದು ಬಂದಿತ್ತು.

ಯಾರೂ ತರದ್ದನ್ನು ತರಬೇಕು ಅನ್ನುವ ಹುಚ್ಚಿಗೆ ನಾನು ಹಪ್ಪಳ ತಂದೆ. ಕರಿಯದ ಉದ್ದಿನ ಹಪ್ಪಳ, ಮೈದಾ ಅಂಟು, ಒಂದು ಗುಮ್ಮಟ. ರಾತ್ರಿ ಮಲಗುವಾಗ ಚೆನ್ನಾಗಿಯೇ ನಿಂತಿತ್ತು. ಆದರೆ ತಿಂಗಳು ಜುಲೈ, ಊರು ಮಂಗಳೂರು. ಬೆಳಿಗ್ಗೆ ಎದ್ದು ನೋಡಿದರೆ ಒದ್ದೆ ಕರವಸ್ತ್ರದ ಹಾಗೆ ಮೆತ್ತಗೆ ಕುಸಿದಿತ್ತು, ಜೊತೆಗೆ ಇರುವೆ ಸಾಲು ಬೇರೆ.

ಎರಡನೇ ಸಲ ಅಜ್ಜಿ ಮನೆಯಿಂದ ಅಡಿಕೆ ಹಾಳೆ ತಂದೆ. ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟರೆ ಚರ್ಮದ ಹಾಗೆ ಬಾಗುತ್ತದೆ, ಬಾಗಿಸಿ ಕಟ್ಟಿ ಒಣಗಿಸಿದರೆ ಅದೇ ಆಕಾರದಲ್ಲಿ ಗಟ್ಟಿಯಾಗಿಬಿಡುತ್ತದೆ. ಆಗಲೂ ನನ್ನ ತಲೆಯಲ್ಲಿದ್ದದ್ದು ಗುಮ್ಮಟವೇ. ಹಾಳೆ ಒಪ್ಪಲಿಲ್ಲ. ಅದರ ನಾರು ಉದ್ದಕ್ಕೆ ಓಡುತ್ತದಲ್ವಾ, ಹಾಗಾಗಿ ಸುರುಳಿ ಸುತ್ತಿದಂತೆ ಒಂದೇ ಕಡೆಗೆ ಸಲೀಸಾಗಿ ಬಾಗುತ್ತದೆ, ಎರಡೂ ಕಡೆಗೆ ಬಾಗಿಸಲು ಹೋದರೆ ಸೀಳುತ್ತದೆ. ಕೊನೆಗೆ ಗುಮ್ಮಟ ಬಿಟ್ಟು ಕಮಾನಿನ ಚಾವಣಿ ಮಾಡಿದೆ. ನುಣುಪಾದ ಒಳಬದಿಗೆ ಫೆವಿಕಾಲ್ ಹಿಡಿಯಲಿಲ್ಲ, ಗೋಣಿ ಸೂಜಿಯಲ್ಲಿ ಹೊಲಿದೆ. ನಮ್ಮ ಕಡೆ ಗದ್ದೆ ಕೆಲಸಕ್ಕೆ ತಲೆಗೆ ಹಾಕುವ ಮುಟ್ಟಾಳೆ ಟೋಪಿಯೂ ಹಾಳೆಯನ್ನು ಮಡಚಿ ಹೊಲಿದದ್ದೇ, ಅದು ಹೊಳೆದದ್ದು ಮಾತ್ರ ಆಮೇಲೆ. 30 ಸೆಂಟಿಮೀಟರ್ ಉದ್ದದ ಆ ಕಮಾನು ಮೂರು ದಪ್ಪ ಪುಸ್ತಕ ಹೊತ್ತಿತು.

ಹಾಗಾಗಿ ಸುಮ್ನೆ ವಿಚಿತ್ರವಾಗಿದೆ ಅಂತ ಏನನ್ನೂ ಆರಿಸಬೇಡಿ. ಮೊದಲು ಬಾಗಿಸಿ, ಎಳೆದು, ಒತ್ತಿ, ನೆನೆಸಿ ನೋಡಿ, ಆಕಾರ ಆಮೇಲೆ. ನೂಲನ್ನೇ ತಗೊಳ್ಳಿ, ಎಳೆತಕ್ಕೆ ಗಟ್ಟಿ, ನಿಲ್ಲಿಸಲು ಆಗುವುದಿಲ್ಲ. ಸ್ಪೇನ್‌ನ ವಾಸ್ತುಶಿಲ್ಪಿ ಗೌಡಿ ಒಂದು ಚರ್ಚಿಗಾಗಿ ನೂಲುಗಳನ್ನು ತೂಗುಬಿಟ್ಟು, ಅವಕ್ಕೆ ಸೀಸದ ಗುಂಡಿನ ಪುಟ್ಟ ಚೀಲ ಕಟ್ಟಿ, ಜೋತುಬಿದ್ದ ಆ ಆಕಾರವನ್ನೇ ತಲೆಕೆಳಗು ಮಾಡಿ ಕಮಾನುಗಳನ್ನು ಕಂಡುಕೊಂಡ. ಒಣ ಶಾವಿಗೆಯಂಥ ಉದ್ದ ಸ್ಪಾಗೆಟ್ಟಿ ಕಡ್ಡಿಯನ್ನು ಎರಡೂ ತುದಿಯಿಂದ ಒತ್ತಿದರೆ ಬಾಗಿ ಮುರಿಯುತ್ತದೆ, ಅದೇ ಕಡ್ಡಿಯನ್ನು ಅರ್ಧ ಮಾಡಿದರೆ ಸುಮಾರು ನಾಲ್ಕು ಪಟ್ಟು ಜಾಸ್ತಿ ತಡೆಯುತ್ತದೆ.

ಕಸ ತಂದಿದ್ದೀರಾ ಅಂತ ಯಾರಾದರೂ ನಕ್ಕರೆ ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ಹೆಸರು ಹೇಳಿ. 2001ರ ಭೂಕಂಪದ ನಂತರ ಭುಜ್‌ನಲ್ಲಿ ಕಾಗದದ ಕೊಳವೆಗಳಿಂದ ಮನೆ ಕಟ್ಟಿದವರು, 2014ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು.

ಸಬ್ಮಿಷನ್ ಯಾವತ್ತು? ಹಾಳೆಯೇ ಆದರೆ ಇವತ್ತೇ ನೆನೆಸಿ. ಮಳೆಗಾಲದಲ್ಲಿ ನನ್ನದು ಒಣಗಲು ಮೂರು ದಿನ ಹಿಡಿಯಿತು, ಅದೂ ಬಚ್ಚಲ ಒಲೆಯ ಪಕ್ಕ ಇಟ್ಟಿದ್ದಕ್ಕೆ.