ಹಳೇ ಗಾಡಿ, ನಿಮ್ಮ ಪ್ರಶ್ನೆ: ಕ್ರ್ಯಾಂಕ್ ಅಳೆದು ನೋಡಿದ್ರಾ?

ಪ್ರಶ್ನೆ: ಸರ್, ನಮ್ಮ ತೋಟದಲ್ಲಿ ಅಜ್ಜನ ಕಾಲದ ಪೆಟ್ರೋಲ್ ಜೀಪ್ ಇದೆ. ಆರ್‌ಸಿಯಲ್ಲಿ 1958 ಅಂತಿದೆ. ಎಂಜಿನ್ ಬಿಸಿಯಾದ ಮೇಲೆ ಕೆಳಗಿಂದ ಟಕಟಕ ಸದ್ದು ಬರುತ್ತೆ, ಆಯಿಲ್ ಪ್ರೆಶರ್ ಮುಳ್ಳು ಮೇಲೇಳೋದೇ ಇಲ್ಲ. ಮೆಕ್ಯಾನಿಕ್ ಚೇಂಬರ್ ಬಿಚ್ಚಿ ವರ್ನಿಯರ್ ಇಟ್ಟು ನೋಡಿದ್ರೆ ಕನೆಕ್ಟಿಂಗ್ ರಾಡ್ ಕೂರುವ ಜಾಗ 48.7 ಮಿ.ಮೀ. ಬಂತು. ಸ್ಟ್ಯಾಂಡರ್ಡ್ ಬೇರಿಂಗ್ ತರಿಸಲಾ, ಓವರ್‌ಸೈಜಾ?
– ಓದುಗರು, ಮೂಡಿಗೆರೆ

ಉತ್ತರ: ಎರಡೂ ಬೇಡ, ಸ್ವಲ್ಪ ತಡೆಯಿರಿ. ಓವರ್‌ಸೈಜ್ ಅನ್ನೋದು ಪಿಸ್ಟನ್‌ಗೆ. ಸಿಲಿಂಡರ್ ಸವೆದು ಅಗಲ ಆಗುತ್ತೆ, ಅದಕ್ಕೆ ದೊಡ್ಡ ಪಿಸ್ಟನ್ ಬೇಕು. ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳ ಓಟಕ್ಕೆ ತಿರುಗುವ ದಂಡ, ಸವೆದು ಸಣ್ಣ ಆಗುತ್ತೆ, ಅದಕ್ಕೆ ಬೇಕಾಗಿರೋದು ಅಂಡರ್‌ಸೈಜ್, ಅಂದರೆ ಅಷ್ಟೇ ದಪ್ಪ ಜಾಸ್ತಿ ಇರುವ ಬೇರಿಂಗ್ ಶೆಲ್.

ನಿಮ್ಮದು ವಿಲ್ಲಿಸ್ ವಿನ್ಯಾಸದ ನಾಲ್ಕು ಸಿಲಿಂಡರ್ ಎಂಜಿನ್ ಅಂತಲೇ ಇಟ್ಟುಕೊಳ್ಳುತ್ತೇನೆ. ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪ್ ಜೋಡಿಸಲು ಶುರು ಮಾಡಿದ್ದರು, ಮಲೆನಾಡಿನ ತೋಟಗಳಿಗೆ ಬಂದ ಪೆಟ್ರೋಲ್ ಜೀಪ್‌ಗಳಲ್ಲಿ ಇದೇ 134 ಕ್ಯೂಬಿಕ್ ಇಂಚಿನ, ಅಂದರೆ ಸುಮಾರು 2,200 ಸಿಸಿಯ ಎಂಜಿನ್. ಇದರ ರಾಡ್ ಜರ್ನಲ್, ಅಂದರೆ ನಿಮ್ಮ ಮೆಕ್ಯಾನಿಕ್ ಅಳೆದ ಜಾಗ, ಹೊಸದರಲ್ಲಿ 1.9375ರಿಂದ 1.9383 ಇಂಚು, ಮಿ.ಮೀ. ಲೆಕ್ಕದಲ್ಲಿ 49.21ರಿಂದ 49.23. ಮೇನ್ ಜರ್ನಲ್, ಅಂದರೆ ಕ್ರ್ಯಾಂಕ್ ಬ್ಲಾಕಿನಲ್ಲಿ ಕೂರುವ ಜಾಗ, 2.3331ರಿಂದ 2.3341 ಇಂಚು.

ಈಗ ಲೆಕ್ಕ ಹಾಕಿ. ನಿಮ್ಮದು 48.7, ಅರ್ಧ ಮಿ.ಮೀ. ಕಮ್ಮಿ. ಅರ್ಧ ಮಿ.ಮೀ. ಅಂದರೆ ಹೆಚ್ಚುಕಮ್ಮಿ 20 ಥೌ (ಇಂಚಿನ ಸಾವಿರದಲ್ಲಿ ಒಂದು ಭಾಗಕ್ಕೆ ಥೌ ಅಂತಾರೆ). ಇದು ಸವೆತ ಅಲ್ಲ, ಯಾರೋ ಯಾವಾಗಲೋ ಗ್ರೈಂಡ್ ಮಾಡಿಸಿ 20 ಅಂಡರ್‌ಸೈಜ್ ಶೆಲ್ ಹಾಕಿದ್ದಾರೆ. ಬಿಚ್ಚಿದ ಹಳೇ ಶೆಲ್‌ನ ಬೆನ್ನು ತಿಕ್ಕಿ ನೋಡಿ, ‘20’ ಅಂತ ಪಂಚ್ ಮಾಡಿರುವ ಸಾಧ್ಯತೆ ಇದೆ.

ಆದರೆ ವರ್ನಿಯರ್ ನಂಬಿ ಶೆಲ್ ತರಬೇಡಿ. ಕ್ರ್ಯಾಂಕಿಗೂ ಶೆಲ್‌ಗೂ ನಡುವೆ ಎಣ್ಣೆ ನಿಲ್ಲುವ ಜಾಗ ಒಂದೆರಡು ಥೌ ಅಷ್ಟೇ, ಅಂದರೆ 0.025ರಿಂದ 0.05 ಮಿ.ಮೀ., ವರ್ನಿಯರ್ ಹಿಡಿಯುವಾಗ ಕೈ ಸ್ವಲ್ಪ ಓರೆ ಆದರೂ ಅಷ್ಟು ತಪ್ಪಿಹೋಗುತ್ತೆ. ಹೊರ ಅಳತೆಯ ಮೈಕ್ರೋಮೀಟರ್ ತಗೊಳ್ಳಿ. ಒಂದೊಂದು ಜರ್ನಲ್‌ನ ಎರಡು ತುದಿಯಲ್ಲೂ ಅಳೆಯಿರಿ, ಪ್ರತಿ ತುದಿಯಲ್ಲೂ ಅಡ್ಡ ಒಂದು ಸಲ, ಅದಕ್ಕೆ ನೇರ ಒಂದು ಸಲ. ನಾಲ್ಕು ಜರ್ನಲ್‌ಗೆ ಹದಿನಾರು ಅಳತೆ, ಚೀಟಿಯಲ್ಲಿ ಬರೆದಿಡಿ. ಮೂರು ಜರ್ನಲ್ 48.71 ತೋರಿಸಿ ನಾಲ್ಕನೆಯದು ಅಡ್ಡ ಅಳೆದಾಗ 48.71, ಅದೇ ತುದಿಯಲ್ಲಿ ನೇರ ಅಳೆದಾಗ 48.66 ಅಂದರೆ ಅದು ಮೊಟ್ಟೆ ಆಕಾರಕ್ಕೆ ಬಂದಿದೆ ಅಂತರ್ಥ. ಸದ್ದು ಬರುತ್ತಿರೋದು ಅಲ್ಲಿಂದಲೇ ಇರಬೇಕು. ಹಾಗಿದ್ದರೆ ನಾಲ್ಕನ್ನೂ 30 ಥೌಗೆ, ಅಂದರೆ ಸುಮಾರು 48.46ಕ್ಕೆ ಗ್ರೈಂಡ್ ಮಾಡಿಸಬೇಕು. ಒಂದನ್ನೇ ಮಾಡಿಸಿ ದುಡ್ಡು ಉಳಿಸೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಗ್ರೈಂಡಿಂಗ್‌ಗೆ ಕೊಡುವಾಗ ಮೊದಲು ಶೆಲ್ ಕೈಗೆ ಬಂದಿರಲಿ, ಆ ಸೈಜ್ ಸಿಗದೇ ಹೋದರೆ ಕ್ರ್ಯಾಂಕ್ ಸುಮ್ನೆ ಹಾಳು. ಇನ್ನೊಂದು, ಜರ್ನಲ್ ಮೂಲೆಯ ಗುಂಡು ತಿರುವು ಹಾಗೇ ಉಳಿಸಿ ಅಂತ ಬಾಯಿಬಿಟ್ಟು ಹೇಳಿ. ಅದನ್ನು ಚೂಪಾಗಿ ಕೊರೆದರೆ ಕ್ರ್ಯಾಂಕ್ ಮುರಿಯೋದು ಅಲ್ಲೇ.

ನಾನೂ ಒಮ್ಮೆ ಜೆ.ಸಿ. ರೋಡಿನಲ್ಲಿ ಡಬ್ಬದ ಮೇಲಿನ ‘10’ ನೋಡಿ ಶೆಲ್ ತಂದು ಹಾಕಿದ್ದೆ. ಕ್ರ್ಯಾಂಕ್ ಆಗಲೇ 20 ಆಗಿತ್ತು. ಸ್ಟಾರ್ಟ್ ಮಾಡಿದ ಕ್ಷಣವೇ ಸುತ್ತಿಗೆ ಬಡಿದಂಗೆ ಸದ್ದು. ಅಂಗಡಿಯವರ ತಪ್ಪಲ್ಲ, ಅಳೆಯದೇ ಹೋದ ನನ್ನ ಅವಸರ.

ಪ್ರಶ್ನೆ: ಮಿಷಿಗನ್‌ನಲ್ಲಿದ್ದೇನೆ, 1930ರ ಫೋರ್ಡ್ ಮಾಡೆಲ್ ಎ ತಗೊಂಡಿದ್ದೇನೆ. ಹರ್ಷಿಯ ಹಳೇ ಕಾರು ಸಂತೆಯಲ್ಲಿ ಒಬ್ಬರು ಮಾಡೆಲ್ ಬಿ ಕ್ರ್ಯಾಂಕ್ ತೋರಿಸಿ, ಇದು ಇನ್ನೂ ಗಟ್ಟಿ, ನಿಮ್ಮದಕ್ಕೂ ಆಗುತ್ತೆ ಅಂದರು. ನಿಜಾನಾ?
– ಓದುಗರು, ಟ್ರಾಯ್

ಉತ್ತರ: ಗಟ್ಟಿ ಅನ್ನೋದು ನಿಜ. ಆಗುತ್ತೆ ಅನ್ನೋದು ಅರ್ಧ ನಿಜ. ಎರಡರ ಸ್ಟ್ರೋಕೂ (ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ) ಒಂದೇ, ನಾಲ್ಕೂಕಾಲು ಇಂಚು, ಅದಕ್ಕೇ ಮೋಸ ಹೋಗೋದು ಸುಲಭ. ಎ ಕ್ರ್ಯಾಂಕಿನ ಮೇನ್ ಜರ್ನಲ್ ಒಂದೂ ಐದೆಂಟಾಂಶ ಇಂಚು (1.625), ರಾಡ್ ಜರ್ನಲ್ ಒಂದೂವರೆ ಇಂಚು. 1932ರಲ್ಲಿ ಬಂದ ಬಿಯ ಮೇನ್ ಸುಮಾರು 2 ಇಂಚು, ರಾಡ್ ಜರ್ನಲ್ಲೂ ದಪ್ಪ. ಬಿಯಲ್ಲೇ ಕೌಂಟರ್‌ವೇಟ್ (ತಿರುಗುವಾಗ ತೂಕ ಸರಿದೂಗಿಸುವ ಭಾರ) ಇರುವುದು, ಇಲ್ಲದ್ದು ಅಂತ ಎರಡು ಬಗೆ ಬೇರೆ.

ನಿಮ್ಮ ಎಂಜಿನ್‌ನಲ್ಲಿ ಶೆಲ್ ಇಲ್ಲ. ಬ್ಯಾಬಿಟ್ ಅನ್ನೋ ಮೆತ್ತನೆ ಲೋಹವನ್ನು ಕರಗಿಸಿ ಬ್ಲಾಕಿಗೇ ಸುರಿದು, ಆಮೇಲೆ ಬೋರ್ ಮಾಡಿರುತ್ತಾರೆ. ಬಿ ಕ್ರ್ಯಾಂಕ್ ಕೂರಿಸಬೇಕಾದರೆ ಬ್ಲಾಕ್ ಕೊರೆದು, ಹೊಸದಾಗಿ ಸುರಿದು, ಮೂರೂ ಮೇನ್ ಒಂದೇ ಸಾಲಿಗೆ ಬರುವಂತೆ ಲೈನ್ ಬೋರಿಂಗ್ ಮಾಡಿಸಬೇಕು, ರಾಡ್‌ಗಳೂ ಬದಲಾಗಬೇಕು. ವೇಗದ ಹುಚ್ಚು ಇರುವವರು ಮಾಡಿಸುತ್ತಾರೆ. ಭಾನುವಾರ ಮನೆಯವರನ್ನು ಕೂರಿಸಿಕೊಂಡು ಒಂದು ರೌಂಡ್ ಹೋಗಲು 40 ಕುದುರೆ ಸಾಲದಾ? ನಾನಾಗಿದ್ದರೆ ಎ ಕ್ರ್ಯಾಂಕ್ ಉಳಿಸಿಕೊಳ್ಳುತ್ತಿದ್ದೆ. ಸಡಿಲ ಸ್ವಲ್ಪವೇ ಇದ್ದರೆ ಬೇರಿಂಗ್ ಕ್ಯಾಪ್ ಕೆಳಗಿನ ಶಿಮ್, ಅಂದರೆ ತೆಳು ಲೋಹದ ಹಾಳೆ, ಒಂದು ತೆಗೆದರೂ ಸರಿಹೋಗಬಹುದು, ಜರ್ನಲ್ ಗುಂಡಗಿದ್ದರೆ ಮಾತ್ರ.

ಪ್ರಶ್ನೆ: ಯುದ್ಧಕಾಲದ ಮಿಲಿಟರಿ ಜೀಪ್ ಎಂಜಿನ್ ಒಂದು ಗುಜರಿಯಲ್ಲಿ ಸಿಕ್ಕಿದೆ. ಅದರ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ನಮ್ಮ ಹಳೇ ಜೀಪಿಗೆ ಬರುತ್ತಾ?
– ಓದುಗರು, ಸೋಮವಾರಪೇಟೆ

ಉತ್ತರ: ಮುಂದಿನ ಟೈಮಿಂಗ್ ಕವರ್ ಎರಡರದ್ದೂ ಬಿಚ್ಚಿ ನೋಡಿ. ಮಿಲಿಟರಿ ಎಂಜಿನ್‌ನಲ್ಲಿ ಟೈಮಿಂಗ್ ಚೈನ್ ಇರುತ್ತೆ, ಯುದ್ಧ ಮುಗಿದ ಮೇಲೆ ಸ್ವಲ್ಪ ಕಾಲಕ್ಕೇ ಗೇರ್ ಬಂತು. ಚೈನ್ ಇದ್ದರೆ ಕ್ಯಾಮ್ ಕ್ರ್ಯಾಂಕ್ ತಿರುಗುವ ಕಡೆಗೇ ತಿರುಗುತ್ತೆ, ಗೇರ್ ಇದ್ದರೆ ಉಲ್ಟಾ. ಹಾಗಾಗಿ ಕ್ಯಾಮ್ ಅದಲುಬದಲು ಆಗಲ್ಲ, ಆಯಿಲ್ ಪಂಪೂ ಆಗಲ್ಲ. ಫ್ಲೈವೀಲ್ ತರುವ ಆಸೆ ಇದ್ದರೆ ರಿಂಗ್ ಗೇರ್ ಹಲ್ಲು ಎಣಿಸಿ. ಮಿಲಿಟರಿಯದು 97, ಆಮೇಲಿನವುಗಳಲ್ಲಿ 124 ಹಲ್ಲಿನದೂ ಇದೆ. ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿಕೊಂಡು ಎಣಿಸಿ, ಇಲ್ಲದಿದ್ದರೆ ಎಲ್ಲಿಂದ ಶುರು ಮಾಡಿದ್ದು ಅಂತ ಮರೆತುಹೋಗುತ್ತೆ.